ಎರಡು ನಾಣ್ಯ ಚಿಮ್ಮಿದರೆ ಮೂರೇ ಫಲಿತಾಂಶ ಅಂತಾರೆ ಮಕ್ಕಳು. ಹೇಗೆ ಬಿಡಿಸಿ ಹೇಳೋದು?

ಸೀಮೆಸುಣ್ಣ

ಎಲ್ಲರಿಗೂ ನಮಸ್ಕಾರ. ಏಳನೇ ತರಗತಿಗೆ ಸಂಭವನೀಯತೆ ಪಾಠ ಶುರು ಮಾಡಿದ್ದೇನೆ. ಒಂದು ನಾಣ್ಯ, ಒಂದು ದಾಳ ಇರುವ ತನಕ ಏನೂ ತೊಂದರೆ ಇಲ್ಲ. ದಾಳ ಉರುಳಿಸಿದರೆ 4 ಬೀಳುವ ಸಂಭವನೀಯತೆ ಎಷ್ಟು ಅಂದರೆ ಇಡೀ ತರಗತಿ ಒಂದೇ ದನಿಯಲ್ಲಿ 1/6 ಅನ್ನುತ್ತದೆ. ಸಮಸಂಖ್ಯೆ ಬೀಳೋದು? 3/6. ಅದನ್ನು 1/2 ಅಂತ ಚಿಕ್ಕದು ಮಾಡಿಯೂ ಬರೆಯುತ್ತಾರೆ.

ಎರಡನೇ ನಾಣ್ಯ ಬಂತೋ, ಎಲ್ಲ ಕಲಸಿಹೋಗುತ್ತೆ. ಎರಡು ನಾಣ್ಯ ಒಟ್ಟಿಗೆ ಚಿಮ್ಮಿದರೆ ಏನೇನು ಬೀಳಬಹುದು ಅಂತ ಕೇಳಿದರೆ ಹೆಚ್ಚಿನವರದು ಒಂದೇ ಉತ್ತರ. ಎರಡೂ ಹೆಡ್, ಎರಡೂ ಟೇಲ್, ಇಲ್ಲಾ ಒಂದೊಂದು. ಮೂರು ಬಗೆ, ಹಾಗಾಗಿ ಒಂದೊಂದಕ್ಕೂ 1/3. ನಾನು ಬೋರ್ಡ್ ಮೇಲೆ ಹೆ-ಹೆ, ಹೆ-ಟೇ, ಟೇ-ಹೆ, ಟೇ-ಟೇ ಅಂತ ನಾಲ್ಕನ್ನೂ ಬರೆದು ತೋರಿಸಿದೆ. ಎಲ್ಲರೂ ನೀಟಾಗಿ ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಮಾರನೇ ದಿನ ಮೂರು ನಾಣ್ಯ ಕೊಟ್ಟರೆ ಮತ್ತೆ ಅದೇ ಕಥೆ: ಮೂರು ಹೆಡ್, ಎರಡು ಹೆಡ್, ಒಂದು ಹೆಡ್, ಸೊನ್ನೆ ಹೆಡ್, ಒಟ್ಟು ನಾಲ್ಕು, ಹಾಗಾಗಿ 1/4.

ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳು. "ಮೇಡಂ, ಎರಡೂ ಒಂದೇ ಥರದ ನಾಣ್ಯ. ಮೇಜಿನ ಮೇಲೆ ಬಿದ್ದಿರೋದು ಒಂದು ಹೆಡ್, ಒಂದು ಟೇಲ್. ಅದನ್ನು ಎರಡು ಸಲ ಯಾಕೆ ಎಣಿಸಬೇಕು?" ಪ್ರಶ್ನೆ ಚೆನ್ನಾಗಿದೆ. ಪುಸ್ತಕದಲ್ಲಿ ಹಾಗೇ ಇದೆ ಕಣೇ ಅಂತ ಬಾಯಿ ಮುಚ್ಚಿಸೋಕೆ ಮನಸ್ಸು ಬರಲಿಲ್ಲ. ಇವತ್ತಿನ ತನಕ ಅವಳಿಗೆ ಸರಿಯಾದ ಉತ್ತರ ಕೊಟ್ಟಿಲ್ಲ.

ಇನ್ನೊಂದು ಗುಂಪಿದೆ. ಅವರಿಗೆ ಎಲ್ಲವೂ ಅರ್ಧವೇ. 6 ಬೀಳುತ್ತೆ, ಇಲ್ಲಾ ಬೀಳಲ್ಲ, ಎರಡೇ ಸಾಧ್ಯತೆ, ಹಾಗಾಗಿ 1/2. ತಮಾಷೆಗೆ ಹೇಳ್ತಿಲ್ಲ, ನಿಜವಾಗಿಯೂ ನಂಬಿದ್ದಾರೆ.

ಸೂತ್ರ ಹೇಳಿಕೊಡೋದು ಕಷ್ಟವಲ್ಲ. ಫಲಿತಾಂಶಗಳನ್ನು ಎಣಿಸೋದು ಹೇಗೆ ಅಂತ ಮನಸ್ಸಿಗೆ ಇಳಿಸೋದೇ ಕಷ್ಟ. ಇನ್ನು ಎರಡು ಮೂರು ಪಿರಿಯಡ್ ಮಾತ್ರ ಉಳಿದಿವೆ. ತರಗತಿಯಲ್ಲಿ ಇದನ್ನು ಮಾಡಿ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಎರಡುದಾಳ

ಮೇಡಂ, ಆ ಹುಡುಗಿಯ ಪ್ರಶ್ನೆಯಿಂದಲೇ ಶುರು ಮಾಡಿ. ಅದಕ್ಕಿಂತ ಒಳ್ಳೆಯ ಜಾಗ ಸಿಗಲ್ಲ.

ಎರಡು ನಾಣ್ಯ ತಗೊಂಡು ಒಂದರ ಮೇಲೆ ಸ್ಕೆಚ್ ಪೆನ್ನಿನಿಂದ ಸಣ್ಣ ಚುಕ್ಕೆ ಇಡಿ, ಎರಡೂ ಮುಖಕ್ಕೆ. ಈಗ ಏನೇನು ಬೀಳಬಹುದು ಅಂತ ಕೇಳಿ. ಚುಕ್ಕೆಯದು ಹೆಡ್ ಬಿದ್ದು ಬರಿಯದು ಟೇಲ್ ಬೀಳೋದು ಬೇರೆ, ಚುಕ್ಕೆಯದು ಟೇಲ್ ಬಿದ್ದು ಬರಿಯದು ಹೆಡ್ ಬೀಳೋದು ಬೇರೆ ಅಂತ ತಾವೇ ಹೇಳುತ್ತಾರೆ, ಕಣ್ಣಿಗೇ ಕಾಣುತ್ತಲ್ಲ. ನಾಲ್ಕು ಬಗೆ ಆಯಿತು. ಆಮೇಲೆ ಮುಖ್ಯ ಪ್ರಶ್ನೆ ಹಾಕಿ: ಚುಕ್ಕೆ ಇಟ್ಟಿದ್ದಕ್ಕೆ ನಾಣ್ಯ ಬೀಳುವ ರೀತಿ ಬದಲಾಯಿತಾ? ಚುಕ್ಕೆ ಇಡುವ ಮೊದಲು "ಒಂದೊಂದು" ಬೀಳೋದು ಮೂರರಲ್ಲಿ ಒಂದು ಸಲ, ಚುಕ್ಕೆ ಇಟ್ಟ ಮೇಲೆ ಎರಡರಲ್ಲಿ ಒಂದು ಸಲ ಅಂತಾದರೆ, ಒಂದು ತೊಟ್ಟು ಶಾಯಿ ಹೋಗಿ ನಾಣ್ಯಕ್ಕೆ ಬುದ್ಧಿ ಕಲಿಸಿತು ಅಂತಾಯಿತಲ್ವಾ. ಮಕ್ಕಳು ನಗುತ್ತಾರೆ. ನಕ್ಕ ಮೇಲೆ ಸುಮ್ಮನಾಗಿ ಯೋಚನೆ ಮಾಡುತ್ತಾರೆ. ನಾವು ಗುರುತು ಹಿಡಿಯುತ್ತೀವೋ ಇಲ್ಲವೋ ನಾಣ್ಯಕ್ಕೆ ಗೊತ್ತಿಲ್ಲ, ಎರಡೂ ಬೇರೆ ಬೇರೆ ನಾಣ್ಯಗಳೇ. ಅವಳಿಗೆ ಕೊಡಬೇಕಾದ ಉತ್ತರ ಇಷ್ಟೇ.

ಆಮೇಲೆ ಒಂದು ಆಟ ಆಡಿಸಿ. ಇದು ನನಗೆ ತುಂಬ ಇಷ್ಟದ್ದು, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೀತೀನಿ. ಒಂದು ಕೆಂಪು ದಾಳ, ಒಂದು ಬಿಳಿ ದಾಳ. ಬೆಂಚಿನಲ್ಲಿ ಎಡಗಡೆ ಕೂತವರು, ಬಲಗಡೆ ಕೂತವರು ಅಂತ ಇಬ್ಬರ ಜೋಡಿ ಮಾಡಿ. ಎರಡೂ ದಾಳ ಉರುಳಿಸಿ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು. ಉಳಿಯೋದು 0, 1 ಅಥವಾ 2 ಆದರೆ ಎಡಗಡೆಯವರಿಗೆ ಒಂದು ಅಂಕ. 3, 4 ಅಥವಾ 5 ಆದರೆ ಬಲಗಡೆಯವರಿಗೆ. ಆಟ ಶುರು ಮಾಡುವ ಮೊದಲೇ "ಇದು ಸರಿಸಮನಾದ ಆಟವಾ?" ಅಂತ ಕೇಳಿ, ಕೈ ಎತ್ತಿಸಿ, ಎಷ್ಟು ಜನ ಅಂತ ಬೋರ್ಡ್ ಮೇಲೆ ಬರೆದಿಡಿ. ಬರೆದಿಡದಿದ್ದರೆ ಆಮೇಲೆ "ನನಗೆ ಮೊದಲೇ ಗೊತ್ತಿತ್ತು" ಅನ್ನುವವರೇ ಎಲ್ಲರೂ! ಅವರಿಗೆ ಮೂರು ಸಂಖ್ಯೆ, ನಮಗೆ ಮೂರು ಸಂಖ್ಯೆ, ಇನ್ನೇನು ಸಮ ಬೇಕು ಅಂತ ಹೆಚ್ಚಿನವರು ಕೈ ಎತ್ತುತ್ತಾರೆ.

ಆಡೋಕೆ ಬಿಡಿ. ಸ್ವಲ್ಪ ಹೊತ್ತಿನಲ್ಲೇ ಬಲಗಡೆಯಿಂದ ಗಲಾಟೆ ಶುರುವಾಗುತ್ತೆ. ಜಾಗ ಬದಲಾಯಿಸಿ ಅಂತಾರೆ, ದಾಳ ಸರಿಯಿಲ್ಲ ಅಂತಾರೆ. ಆಗ ಬೋರ್ಡ್ ಮೇಲೆ ಆರು ಸಾಲು, ಆರು ಕಂಬದ ಕೋಷ್ಟಕ ಹಾಕಿ. ಸಾಲಿಗೆ ಕೆಂಪು ದಾಳ, ಕಂಬಕ್ಕೆ ಬಿಳಿ ದಾಳ. 36 ಮನೆ. ಪ್ರತಿ ಮನೆಯಲ್ಲೂ ವ್ಯತ್ಯಾಸ ಬರೆಯೋದು ಮಕ್ಕಳ ಕೆಲಸ. ಎಣಿಸಿದರೆ 0 ಇರುವ ಮನೆ 6, 1 ಇರುವುದು 10, 2 ಇರುವುದು 8, 3 ಇರುವುದು 6, 4 ಇರುವುದು 4, 5 ಇರುವುದು ಬರೀ 2. ಎಡಗಡೆಯವರಿಗೆ 24 ಮನೆ, ಬಲಗಡೆಯವರಿಗೆ 12. ಎರಡರಷ್ಟು!

ಇಲ್ಲಿ ಒಂದು ಕ್ಷಣ ನಿಲ್ಲಿ. 3-3 ಇರುವ ಮನೆ ಒಂದೇ, 3-4ಕ್ಕೆ ಮಾತ್ರ ಎರಡು ಮನೆ ಯಾಕೆ ಅಂತ ಕೇಳಿ. ಮಕ್ಕಳು ಬೋರ್ಡ್ ಹತ್ತಿರ ಬಂದು ಬೆರಳಿಟ್ಟು ತೋರಿಸುತ್ತಾರೆ, ಕೆಂಪು 3 ಬಿಳಿ 4 ಇಲ್ಲಿ, ಕೆಂಪು 4 ಬಿಳಿ 3 ಅಲ್ಲಿ. ಸೊನ್ನೆಗಳೆಲ್ಲ ಮೂಲೆಯಿಂದ ಮೂಲೆಗೆ ಓರೆಯಾಗಿ ಒಂದೇ ಗೆರೆಯಲ್ಲಿ ಕೂತಿರುತ್ತವೆ, ಮಿಕ್ಕಿದ್ದೆಲ್ಲ ಆ ಗೆರೆಯ ಎರಡೂ ಕಡೆ ಜೋಡಿ ಜೋಡಿ. ನಾಣ್ಯದ ಹೆ-ಟೇ, ಟೇ-ಹೆ ಕೂಡ ಇದೇ ಅಂತ ಆಗ ನೀವು ಹೇಳುವುದೇ ಬೇಕಾಗಲ್ಲ, ಯಾರಾದರೂ ಒಬ್ಬರು ಹೇಳಿಬಿಡುತ್ತಾರೆ.

ಮನೆಗೆಲಸ: ಇದೇ ಆಟವನ್ನು ಸರಿಸಮ ಮಾಡಿ ತನ್ನಿ. 18 ಮನೆ ಆ ಕಡೆ, 18 ಈ ಕಡೆ ಬರಬೇಕು. 1 ಮತ್ತು 2 ಒಬ್ಬರಿಗೆ, ಉಳಿದ ನಾಲ್ಕೂ ಇನ್ನೊಬ್ಬರಿಗೆ ಕೊಟ್ಟರೆ ಸರಿಹೋಗುತ್ತೆ. ಎರಡು ಸಂಖ್ಯೆಗೆ ನಾಲ್ಕು ಸಂಖ್ಯೆ ಸಮ ಅಂತ ಮಕ್ಕಳೇ ಕಂಡುಹಿಡಿಯೋದು ನೋಡೋಕೆ ಚಂದ. ಬೆಸ ಒಬ್ಬರಿಗೆ, ಸಮ ಇನ್ನೊಬ್ಬರಿಗೆ ಕೊಟ್ಟರೂ ಆಗುತ್ತೆ. ಇನ್ನೂ ಒಂದು ದಾರಿ ಇದೆ, ಅದನ್ನು ಇಲ್ಲಿ ಹೇಳಲ್ಲ.

ಹಳೇಪುಟ

ನಿಮ್ಮ ಮಕ್ಕಳು ಒಳ್ಳೆಯವರ ಸಹವಾಸದಲ್ಲೇ ಇದ್ದಾರೆ ಮೇಡಂ. ಫ್ರಾನ್ಸಿನ ದೊಡ್ಡ ಗಣಿತಜ್ಞ ದಾಲಂಬೇರ್ 1754ರಲ್ಲಿ ಅಲ್ಲಿನ ವಿಶ್ವಕೋಶಕ್ಕೆ ಬರೆದ ಲೇಖನದಲ್ಲಿ ಇಂಥದ್ದೇ ಲೆಕ್ಕ ಹಾಕಿದ್ದಾನೆ. ನಾಣ್ಯವನ್ನು ಎರಡು ಸಲ ಚಿಮ್ಮಿದರೆ ಒಂದು ಸಲವಾದರೂ ಹೆಡ್ ಬೀಳುವ ಸಂಭವನೀಯತೆ ಎಷ್ಟು ಅನ್ನೋದು ಪ್ರಶ್ನೆ. ಅವನ ವಾದ ಹೀಗೆ. ಮೊದಲ ಸಲವೇ ಹೆಡ್ ಬಿದ್ದರೆ ಆಟ ಮುಗೀತು, ಎರಡನೇ ಸಲ ಚಿಮ್ಮೋದೇ ಇಲ್ಲ. ಹಾಗಾಗಿ ಇರೋದು ಮೂರೇ ಬಗೆ: ಹೆ, ಟೇ-ಹೆ, ಟೇ-ಟೇ. ಮೂರರಲ್ಲಿ ಎರಡು ಗೆಲುವು, ಉತ್ತರ 2/3. ಸರಿಯಾದ ಉತ್ತರ 3/4. ಮೂರು ಬಗೆ ಅಂದಿದ್ದರಲ್ಲಿ ಏನೂ ತಪ್ಪಿಲ್ಲ, ಆದರೆ ಮೊದಲನೆಯ "ಹೆ" ಒಂದೇ ಅರ್ಧ ಪಾಲು ತಿನ್ನುತ್ತೆ, ಉಳಿದ ಎರಡಕ್ಕೆ ಕಾಲು ಕಾಲು. ಅವನು ಮೂರನ್ನೂ ಒಂದೇ ತೂಕ ಅಂದುಕೊಂಡ.

ಮೂರು ದಾಳದ ಕಥೆ ಇನ್ನೂ ಹಳೆಯದು, ಗೆಲಿಲಿಯೋ ಬಿಡಿಸಿದ್ದು. ಮೂರು ದಾಳ ಉರುಳಿಸಿದಾಗ ಮೊತ್ತ 9 ಬರೋದಕ್ಕೂ 10 ಬರೋದಕ್ಕೂ ಆರಾರು ಜೋಡಣೆ ಇವೆ. 9ಕ್ಕೆ 126, 135, 144, 225, 234, 333. 10ಕ್ಕೆ 136, 145, 226, 235, 244, 334. ಆದರೂ 10 ಜಾಸ್ತಿ ಬೀಳುತ್ತೆ ಅಂತ ದಾಳ ಆಡುವವರಿಗೆ ಅನುಭವದಿಂದಲೇ ಗೊತ್ತಿತ್ತು. ಯಾಕೆ ಅನ್ನೋದು ಗೊತ್ತಿರಲಿಲ್ಲ. ಮೂರೂ ಬೇರೆ ಅಂಕೆ ಇದ್ದರೆ ಆರು ರೀತಿ ಬೀಳಬಹುದು, ಎರಡು ಒಂದೇ ಇದ್ದರೆ ಮೂರು ರೀತಿ, ಮೂರೂ ಒಂದೇ ಇದ್ದರೆ ಒಂದೇ ರೀತಿ. ಹಾಗೆ ಎಣಿಸಿದರೆ ಒಟ್ಟು 216ರಲ್ಲಿ 9ಕ್ಕೆ 25, 10ಕ್ಕೆ 27. ಇಷ್ಟು ಸಣ್ಣ ವ್ಯತ್ಯಾಸ ಬರೀ ಆಟ ನೋಡಿ ಹಿಡಿದರು ಅಂದರೆ ಅವರು ಅದೆಷ್ಟು ಆಡಿರಬೇಕು!

ಬೇಗ ಮುಗಿಸಿ ಸುಮ್ನೆ ಕೂರುವ ಮಕ್ಕಳಿಗೆ ಈ 9 ಮತ್ತು 10ರ ಲೆಕ್ಕ ಕೊಡಿ. ಒಳ್ಳೇ ಕೆಲಸ ಸಿಗುತ್ತೆ.

ಅನುಮಾನಪಕ್ಷಿ

ಎಲ್ಲ ಸರಿ, ಆದರೆ "ಆಡಿಸಿ ನೋಡಿ, ಮಕ್ಕಳಿಗೇ ಗೊತ್ತಾಗುತ್ತೆ" ಅನ್ನೋದನ್ನು ನಾನು ಅಷ್ಟು ಸುಲಭಕ್ಕೆ ಒಪ್ಪಲ್ಲ. ಒಮ್ಮೆ ಲೆಕ್ಕ ಹಾಕಿ ನೋಡಿ.

ಎರಡು ನಾಣ್ಯವನ್ನು ಒಂದು ಜೋಡಿ ಮಕ್ಕಳು 20 ಸಲ ಚಿಮ್ಮುತ್ತಾರೆ ಅಂದುಕೊಳ್ಳಿ. ಸರಿಯಾದ ಲೆಕ್ಕದಲ್ಲಿ "ಒಂದೊಂದು" ಬೀಳಬೇಕಾದ್ದು ಸುಮಾರು 10 ಸಲ. ಮಕ್ಕಳ 1/3 ಲೆಕ್ಕದಲ್ಲಿ ಸುಮಾರು 7 ಸಲ. 10ಕ್ಕೂ 7ಕ್ಕೂ ಎಷ್ಟು ದೂರ? 20 ಸಲದ ಆಟದಲ್ಲಿ ಅದು ಏನೂ ಅಲ್ಲ. 7 ಅಥವಾ ಅದಕ್ಕಿಂತ ಕಡಿಮೆ ಬೀಳುವ ಸಂಭವನೀಯತೆಯೇ 13%. ಅಂದರೆ ತರಗತಿಯಲ್ಲಿ 20 ಜೋಡಿ ಇದ್ದರೆ ಎರಡೋ ಮೂರೋ ಜೋಡಿ "ನೋಡಿ ಮೇಡಂ, ನಾವು ಹೇಳಿದ 1/3 ಸರಿ ಇತ್ತು" ಅಂತ ಪಟ್ಟಿ ಹಿಡಿದುಕೊಂಡು ಬರುತ್ತಾರೆ. ಅವರಿಗೆ ಆಗ ಏನು ಹೇಳ್ತೀರಿ? ನಿನ್ನ ಪ್ರಯೋಗ ತಪ್ಪು ಅಂತಲಾ?

ಹಾಗಾಗಿ ಒಂದೊಂದು ಜೋಡಿಯ ಲೆಕ್ಕವನ್ನು ತೀರ್ಪು ಅಂತ ತಗೋಬೇಡಿ. ಎಲ್ಲರದ್ದನ್ನೂ ಬೋರ್ಡ್ ಮೇಲೆ ಕೂಡಿಸಿ. 20 ಜೋಡಿ, 20 ಸಲ, ಒಟ್ಟು 400. ಈಗ ಒಂದು ಲೆಕ್ಕದ ಪ್ರಕಾರ 200 ಬರಬೇಕು, ಇನ್ನೊಂದರ ಪ್ರಕಾರ 133. ಇವೆರಡರ ನಡುವೆ ಗೊಂದಲಕ್ಕೆ ಜಾಗವೇ ಇಲ್ಲ. ಒಬ್ಬೊಬ್ಬರ ಪಟ್ಟಿ ಹೇಗೆ ಏರುಪೇರಾಗಿದೆ, ಕೂಡಿಸಿದಾಗ ಹೇಗೆ ಒಂದು ಕಡೆ ಬಂದು ನಿಲ್ಲುತ್ತೆ ಅನ್ನೋದು ಅದರಷ್ಟಕ್ಕೇ ಒಂದು ಪಾಠ.

ಇದಕ್ಕೆ ಒಂದು ನಿಜವಾದ ಉದಾಹರಣೆಯೂ ಇದೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಜಾನ್ ಕೆರಿಚ್ ಅನ್ನುವ ಗಣಿತದವರು ಡೆನ್ಮಾರ್ಕಿನಲ್ಲಿ ಸೆರೆಯಲ್ಲಿದ್ದಾಗ ನಾಣ್ಯವನ್ನು 10,000 ಸಲ ಚಿಮ್ಮಿ ಬರೆದಿಟ್ಟರು. 5,067 ಹೆಡ್. ಅವರಿಗಿಂತ ಮುಂಚೆ ಕಾರ್ಲ್ ಪಿಯರ್ಸನ್ 24,000 ಸಲ ಚಿಮ್ಮಿದಾಗ 12,012. ಯಾರಿಗೂ ಸರಿಯಾಗಿ ಅರ್ಧ ಬರಲಿಲ್ಲ ಅನ್ನೋದನ್ನು ಮಕ್ಕಳಿಗೆ ಒತ್ತಿ ಹೇಳಿ. 10 ಸಲ ಚಿಮ್ಮಿದರೆ ಸರಿಯಾಗಿ 5 ಹೆಡ್ ಬೀಳೋದೇ ನಾಲ್ಕರಲ್ಲಿ ಒಂದು ಸಲ. 100 ಸಲ ಚಿಮ್ಮಿದರೆ ಸರಿಯಾಗಿ 50 ಬೀಳುವ ಸಂಭವನೀಯತೆ ಇನ್ನೂ ಕಡಿಮೆ, ಸುಮಾರು 8%. ಅರ್ಧದ ಹತ್ತಿರಕ್ಕೆ ಬರೋದು ಬೇರೆ, ಅರ್ಧವೇ ಬರೋದು ಬೇರೆ.

ಇನ್ನೊಂದು ಮಾತು. ಎರಡುದಾಳ ಅವರ ಆಟ ನಾಣ್ಯಕ್ಕಿಂತ ಒಳ್ಳೆಯದು, ಯಾಕೆಂದರೆ ಅಲ್ಲಿ 2/3 ಮತ್ತು 1/3, ವ್ಯತ್ಯಾಸ ಬೇಗ ಕಾಣುತ್ತೆ. ಆದರೂ ಒಂದೆರಡು ಬೆಂಚಿನಲ್ಲಿ ಬಲಗಡೆಯವರೇ ಗೆಲ್ಲಬಹುದು, ಅದಕ್ಕೆ ತಯಾರಾಗಿರಿ.

ಎರಡುದಾಳ

ಒಪ್ಪಿದೆ. ಕೂಡಿಸೋದು ಬಿಡಬಾರದು. ಮತ್ತೆ ದಾಳವನ್ನು ಲೋಟಕ್ಕೆ ಹಾಕಿ ಕುಲುಕಿಸಿ ಉರುಳಿಸೋಕೆ ಹೇಳಿ ಮೇಡಂ, ಇಲ್ಲದಿದ್ದರೆ ಪಿರಿಯಡ್ ಪೂರ್ತಿ ಬೆಂಚಿನ ಕೆಳಗೆ ದಾಳ ಹುಡುಕೋದರಲ್ಲೇ ಹೋಗುತ್ತೆ.

ಸೀಮೆಸುಣ್ಣ

ಎಷ್ಟು ಚೆನ್ನಾಗಿ ಬರೆದಿದ್ದೀರಿ ಎಲ್ಲರೂ, ಥ್ಯಾಂಕ್ಸ್. ಚುಕ್ಕೆ ಇಡುವ ವಾದ ನನಗೇ ಇಷ್ಟ ಆಯಿತು. 13% ಲೆಕ್ಕ ನಾನು ಯೋಚನೆಯೇ ಮಾಡಿರಲಿಲ್ಲ, ಆ ಎರಡು ಮೂರು ಜೋಡಿ ಖಂಡಿತ ನನ್ನ ತರಗತಿಯಲ್ಲೇ ಇರುತ್ತಾರೆ.

ಇನ್ನೆರಡು ಅನುಮಾನ. ಒಂದು, ಆ "ಬೀಳುತ್ತೆ ಇಲ್ಲಾ ಬೀಳಲ್ಲ" ಗುಂಪಿಗೆ ಏನು ಮಾಡಲಿ? ಎರಡು, ಮುಂದಿನ ಅಭ್ಯಾಸದಲ್ಲಿ ಚೀಲದಿಂದ ಗೋಲಿ ತೆಗೆಯುವ ಲೆಕ್ಕ ಇದೆ. 2 ಕೆಂಪು, 1 ನೀಲಿ ಗೋಲಿ, ನೋಡದೆ ಎರಡು ತೆಗೆಯಬೇಕು. ಮಕ್ಕಳು ಎರಡೂ ಕೆಂಪು, ಇಲ್ಲಾ ಒಂದು ಕೆಂಪು ಒಂದು ನೀಲಿ, ಹಾಗಾಗಿ ಅರ್ಧ ಅರ್ಧ ಅಂತಲೇ ಬರೆಯುತ್ತಾರೆ, ಈಗಲೇ ಹೇಳಬಲ್ಲೆ. ಕವಲು ಚಿತ್ರ ಹಾಕಿಸಿದರೂ ಕೆಂಪಿಗೆ ಒಂದು ಗೆರೆ, ನೀಲಿಗೆ ಒಂದು ಗೆರೆ ಎಳೆದುಬಿಡುತ್ತಾರೆ.

ಗೋಲಿಚೀಲ

ಮೊದಲು ಅರ್ಧದ ಗುಂಪು. ಅವರ ಹತ್ತಿರ ವಾದ ಮಾಡಬೇಡಿ, ಪಂದ್ಯ ಕಟ್ಟಿ. ದಾಳ ಉರುಳಿಸ್ತೀನಿ, 6 ಬಿದ್ದರೆ ನಿನಗೆ ಒಂದು ಅಂಕ, ಬೀಳದಿದ್ದರೆ ನನಗೆ ಒಂದು ಅಂಕ, ಆಡ್ತೀಯಾ? ಯಾವ ಮಗುವೂ ಒಪ್ಪಲ್ಲ. "ಅದು ಮೋಸ ಮೇಡಂ" ಅಂತ ತಕ್ಷಣ ಕೂಗುತ್ತಾರೆ. ಯಾಕೋ, ನೀನೇ ಅಲ್ವಾ ಅರ್ಧ ಅರ್ಧ ಅಂದಿದ್ದು? ಬಾಯಿಗೆ ಅರ್ಧ ಅಂತ ಬಂದರೂ ಒಳಗೆ ಅವರಿಗೆ ಗೊತ್ತೇ ಇರುತ್ತೆ. ಹಾಗಾದರೆ 6 ಬಿದ್ದಾಗ ನಿನಗೆ ಎಷ್ಟು ಅಂಕ ಕೊಟ್ಟರೆ ಆಡ್ತೀಯ ಅಂತ ಚೌಕಾಸಿ ಮಾಡಿಸಿ. ಎರಡು, ಮೂರು ಅಂತ ಶುರುವಾಗಿ ಐದಕ್ಕೆ ಬಂದು ನಿಲ್ಲುವ ತನಕ ಎಳೆಯಿರಿ. ಐದೇ ಯಾಕೆ ಅನ್ನೋದನ್ನು ಅವರೇ ಹೇಳಲಿ.

ಈಗ ಗೋಲಿ. ಗೋಲಿಗೆ ನಂಬರ್ ಹಾಕಿ, ಅಷ್ಟೇ. ಒಂದೊಂದರ ಮೇಲೂ ಪುಟ್ಟ ಚೀಟಿ ಅಂಟಿಸಿದರೆ ಸಾಕು. ಕೆಂಪು 1, ಕೆಂಪು 2, ನೀಲಿ. ಇಬ್ಬಿಬ್ಬರ ಜೋಡಿ ಮಾಡಿದರೆ ಕೆ1-ಕೆ2, ಕೆ1-ನೀ, ಕೆ2-ನೀ. ಮೂರು ಜೋಡಿಯಲ್ಲಿ ಎರಡೂ ಕೆಂಪು ಇರೋದು ಒಂದೇ. ಹಾಗಾಗಿ 1/3. ಕವಲು ಚಿತ್ರದಲ್ಲೂ ಗೆರೆ ಬಣ್ಣಕ್ಕೆ ಅಲ್ಲ, ಗೋಲಿಗೆ ಎಳೀಬೇಕು. ಮೂರು ಗೋಲಿ ಇದ್ದರೆ ಮೊದಲ ಸಲಕ್ಕೆ ಮೂರು ಕವಲು, ಎರಡನೇ ಸಲಕ್ಕೆ ಪ್ರತಿ ಕವಲಿಗೂ ಎರಡೆರಡು, ಕೊನೆಗೆ ಆರು ತುದಿ. ಅದರಲ್ಲಿ ಎರಡು ತುದಿ ಕೆಂಪು-ಕೆಂಪು. 2/6, ಅದೇ 1/3. ಜೋಡಿ ಎಣಿಸಿದರೂ ತುದಿ ಎಣಿಸಿದರೂ ಒಂದೇ ಉತ್ತರ ಬಂತು ಅಂತ ತೋರಿಸೋದು ಮರೀಬೇಡಿ, ಇಲ್ಲದಿದ್ದರೆ ಯಾವ ದಾರಿ ಸರಿ ಅಂತ ಇನ್ನೊಂದು ಜಗಳ ಶುರುವಾಗುತ್ತೆ.

ಇದರ ಮುಂದಿನ ಹೆಜ್ಜೆ ಇನ್ನೂ ಮಜವಾಗಿದೆ. ಚೀಲದಲ್ಲಿ ಒಟ್ಟು ನಾಲ್ಕು ಗೋಲಿ. ಎರಡು ತೆಗೆದಾಗ ಒಂದೇ ಬಣ್ಣ ಬಂದರೆ ನನಗೆ, ಬೇರೆ ಬೇರೆ ಬಂದರೆ ನಿನಗೆ. ಆಟ ಸರಿಸಮ ಇರಬೇಕಾದರೆ ಎಷ್ಟು ಕೆಂಪು, ಎಷ್ಟು ನೀಲಿ ಹಾಕಬೇಕು? ಯಾರನ್ನೇ ಕೇಳಿ, ದೊಡ್ಡವರನ್ನೂ ಕೇಳಿ, ಎರಡು ಎರಡು ಅಂತಾರೆ. ಎಣಿಸಿ ನೋಡಿ. ನಾಲ್ಕು ಗೋಲಿಯಲ್ಲಿ ಆರು ಜೋಡಿ. 2 ಕೆಂಪು 2 ನೀಲಿ ಇದ್ದರೆ ಒಂದೇ ಬಣ್ಣದ ಜೋಡಿ ಎರಡು, ಬೇರೆ ಬಣ್ಣದವು ನಾಲ್ಕು. ಸಮ ಅಲ್ಲವೇ ಅಲ್ಲ. 3 ಕೆಂಪು 1 ನೀಲಿ ಹಾಕಿ. ಕೆಂಪು-ಕೆಂಪು ಮೂರು ಜೋಡಿ, ಕೆಂಪು-ನೀಲಿ ಮೂರು ಜೋಡಿ. ಸರಿಸಮ! ಚೀಲ ನೋಡಿದರೆ ಓರೆ, ಆಟ ಮಾತ್ರ ನೆಟ್ಟಗೆ. ಇಲ್ಲಿ ಸುಮ್ನೆ ಊಹೆ ಮಾಡಿದರೆ ಕೈಕೊಡುತ್ತೆ, ಎಣಿಸಲೇಬೇಕು ಅನ್ನೋದು ಮಕ್ಕಳಿಗೆ ಗಟ್ಟಿಯಾಗುತ್ತೆ. ಇನ್ನೂ ಬೇಕು ಅನ್ನುವವರಿಗೆ 6 ಮತ್ತು 3 ಕೊಡಿ, 36 ಜೋಡಿಯಲ್ಲಿ 18 ಒಂದೇ ಬಣ್ಣ. ಅದರ ಮುಂದಿನದು 10 ಮತ್ತು 6. ಈ 1, 3, 6, 10 ಎಲ್ಲೋ ನೋಡಿದ ಹಾಗಿದೆಯಲ್ಲ ಅಂತ ಯಾರಾದರೂ ಕೇಳಿದರೆ ಆ ಮಗುವಿನ ಬೆನ್ನು ತಟ್ಟಿ.

ಲೆಕ್ಕದಮೇಷ್ಟ್ರು

ತಡವಾಗಿ ಬಂದೆ. ಎಲ್ಲರ ಮಾತೂ ಒಪ್ಪಿಗೆ, ಒಂದನ್ನು ಬಿಟ್ಟು. ಮಗು "ಮೂರು ಫಲಿತಾಂಶ" ಅಂದಾಗ ಅದನ್ನು ತಪ್ಪು ಅಂತ ಹೇಳಿ ನಾಲ್ಕು ಬರೆಸೋದು ನನಗೆ ಸರಿ ಕಾಣಲ್ಲ. ಎರಡು ಹೆಡ್, ಒಂದು ಹೆಡ್, ಸೊನ್ನೆ ಹೆಡ್, ಈ ಪಟ್ಟಿಯಲ್ಲಿ ಏನು ತಪ್ಪಿದೆ? ಏನೂ ಬಿಟ್ಟುಹೋಗಿಲ್ಲ, ಯಾವುದೂ ಎರಡು ಸಲ ಬಂದಿಲ್ಲ. ಪಟ್ಟಿ ಪೂರ್ತಿ ಸರಿ. ತಪ್ಪಾಗಿರೋದು ಆಮೇಲಿನ ಹೆಜ್ಜೆಯಲ್ಲಿ, ಮೂರಿದೆ ಅಂದ ತಕ್ಷಣ ಒಂದೊಂದಕ್ಕೂ 1/3 ಹಂಚಿದ್ದರಲ್ಲಿ. ಹಳೇಪುಟ ಅವರು ದಾಲಂಬೇರ್ ಬಗ್ಗೆ ಹೇಳಿದ್ದೂ ಇದನ್ನೇ.

ಸೂತ್ರವನ್ನು ನಾವು ಹೇಗೆ ಹೇಳಿಕೊಡ್ತೀವಿ ನೋಡಿ. ಅನುಕೂಲ ಫಲಿತಾಂಶ ಮೇಲೆ, ಒಟ್ಟು ಫಲಿತಾಂಶ ಕೆಳಗೆ. ಎಲ್ಲ ಫಲಿತಾಂಶಕ್ಕೂ ಸಮಾನ ಅವಕಾಶ ಇದ್ದಾಗ ಮಾತ್ರ ಅನ್ನುವ ಮಾತು ಪುಸ್ತಕದಲ್ಲಿ ಒಂದು ಸಾಲು ಇರುತ್ತೆ, ಅದನ್ನು ಓದಿ ಮುಂದೆ ಹೋಗ್ತೀವಿ. ಒಂದು ನಾಣ್ಯ, ಒಂದು ದಾಳದಲ್ಲಿ ಆ ಮಾತಿನ ಅಗತ್ಯವೇ ಬೀಳಲ್ಲ, ಹಾಗಾಗಿ ಮಕ್ಕಳು ಅದನ್ನು ಮರೀತಾರೆ. ನಾನು ಸೂತ್ರಕ್ಕಿಂತ ಮೊದಲು ಡ್ರಾಯಿಂಗ್ ಪಿನ್ ತಗೊಂಡು ಹೋಗ್ತೀನಿ. ಮೇಲಕ್ಕೆ ಎಸೆದರೆ ಬೀಳೋದು ಎರಡೇ ರೀತಿ, ಮೊನೆ ಮೇಲಾಗಿ ಇಲ್ಲಾ ಓರೆಯಾಗಿ. ಎರಡೇ ಫಲಿತಾಂಶ, ಹಾಗಾದರೆ ಅರ್ಧ ಅರ್ಧವಾ? ಎಸೆದು ಎಸೆದು ಲೆಕ್ಕ ಇಡೋದು ಬಿಟ್ಟು ಬೇರೆ ದಾರಿ ಇಲ್ಲ, ಪಿನ್ನಿನ ಆಕಾರ ನೋಡಿ ಯಾರೂ ಹೇಳೋಕಾಗಲ್ಲ. ಅನುಮಾನಪಕ್ಷಿ ಅವರ ಕೂಡಿಸುವ ಉಪಾಯ ಇಲ್ಲಿ ನಿಜವಾಗಿ ಬೇಕಾಗುತ್ತೆ. ಮೊನೆಯ ವಸ್ತು, ಎಸೆಯೋದು ಮೇಷ್ಟ್ರ ಮೇಜಿನ ಮೇಲೆ ಮಾತ್ರ, ಆಮೇಲೆ ಎಣಿಸಿ ವಾಪಸ್ ಡಬ್ಬಿಗೆ ಹಾಕಿ.

ಇದಾದ ಮೇಲೆ ಯಾವ ಪಟ್ಟಿ ಬರೆದರೂ ಒಂದು ಪ್ರಶ್ನೆ ಕೇಳೋ ಅಭ್ಯಾಸ ಮಾಡಿಸ್ತೀನಿ: "ಇವೆಲ್ಲ ಸಮವಾ?" ಎರಡು ನಾಣ್ಯದ ಮೂರು ಬಗೆ ಬರೆದ ಮಗುವಿಗೂ ಅದೇ ಪ್ರಶ್ನೆ. ಸಮ ಅಲ್ಲ ಅಂತ ಅನುಮಾನ ಬಂದಾಗ ಚುಕ್ಕೆಯ ನಾಣ್ಯ ಬರಲಿ, ನಾಲ್ಕು ಬಗೆಯ ಪಟ್ಟಿ ಬರಲಿ. ಆಗ ನಾಲ್ಕು ಯಾಕೆ ಬೇಕಾಯಿತು ಅನ್ನೋದಕ್ಕೆ ಕಾರಣ ಸಿಗುತ್ತೆ, ಸಮ ಇರುವ ತುಂಡುಗಳಾಗಿ ಒಡೆದರೆ ಎಣಿಸೋಕೆ ಸುಲಭ ಅಂತ. ಬರೀ ಪುಸ್ತಕದ ಹಟ ಅಂತ ಅನ್ನಿಸಲ್ಲ.

ಕೊನೆಗೆ ಒಂದು ಚಿತ್ರ ಬರೆಸಿ. ಮುಳ್ಳು ತಿರುಗುವ ಚಕ್ರ ಇದೆಯಲ್ಲ, ಬಣ್ಣ ಬಣ್ಣದ ಭಾಗಗಳಿರುವುದು. ಎರಡು ನಾಣ್ಯ ಚಿಮ್ಮುವ ಬದಲು ಒಂದು ಚಕ್ರ ತಿರುಗಿಸಿದರೆ ಅದೇ ಆಟ ಆಗಬೇಕು, ಅಂಥ ಚಕ್ರ ಬರೆಯಿರಿ ಅಂತ ಹೇಳಿ. ಮೊದಲು ಮೂರು ಸಮ ಭಾಗ ಮಾಡುತ್ತಾರೆ, ಆಮೇಲೆ ಅಳಿಸುತ್ತಾರೆ. ಅರ್ಧ ಭಾಗ "ಒಂದೊಂದು", ಕಾಲು ಭಾಗ "ಎರಡೂ ಹೆಡ್", ಕಾಲು ಭಾಗ "ಎರಡೂ ಟೇಲ್". ಭಾಗ ಮೂರೇ, ಅಗಲ ಮಾತ್ರ ಬೇರೆ. ಭಿನ್ನರಾಶಿ ಗೊತ್ತಿರುವ ಯಾವ ಮಗುವಿಗೂ ಇದು ಕಷ್ಟ ಅಲ್ಲ. ಮೂರು ನಾಣ್ಯಕ್ಕೂ ಬರೆಸಿ: 1/8, 3/8, 3/8, 1/8.

ಎರಡುದಾಳ

ಚಕ್ರದ ಮಾತು ಚೆನ್ನಾಗಿದೆ ಮೇಷ್ಟ್ರೇ. ಆದರೆ ಪಿನ್ನಿನಿಂದ ಶುರು ಮಾಡಿದರೆ ಅರ್ಧ ಪಿರಿಯಡ್ ಅದಕ್ಕೇ ಹೋಗುತ್ತಲ್ವಾ? ಮೇಡಂ ಹತ್ತಿರ ಇರೋದೇ ಎರಡು ಮೂರು ಪಿರಿಯಡ್.

ಲೆಕ್ಕದಮೇಷ್ಟ್ರು

ಪಿನ್ನಿಗೆ ಹತ್ತು ನಿಮಿಷ ಸಾಕು. ಮೇಜಿನ ಮೇಲೆ ಒಂದು ಹಿಡಿ ಪಿನ್ ಒಟ್ಟಿಗೆ ಸುರಿಯೋದು, ಎಣಿಸೋದು, ಮತ್ತೆ ಸುರಿಯೋದು. ಸಮಯ ಇಲ್ಲದಿದ್ದರೆ ನಿಮ್ಮ ದಾಳದ ಆಟವನ್ನು ಎರಡನೇ ಪಿರಿಯಡ್ಡಿಗೆ ಇಟ್ಟು, ಗೋಲಿಯನ್ನು ಮನೆಗೆಲಸಕ್ಕೆ ಬಿಡಬಹುದು. ಸೂತ್ರದ ಲೆಕ್ಕಗಳನ್ನು ಕಡಿಮೆ ಮಾಡಿ, ಅದನ್ನು ಮಕ್ಕಳು ತಾವೇ ಮಾಡಿಕೊಳ್ಳುತ್ತಾರೆ.

ಸೀಮೆಸುಣ್ಣ

ಹಾಗೇ ಮಾಡ್ತೀನಿ. ಮೊದಲ ಪಿರಿಯಡ್ ಪಿನ್, ಚುಕ್ಕೆಯ ನಾಣ್ಯ, ಚಕ್ರ. ಎರಡನೇದು ದಾಳ. ಪಂದ್ಯ ಕಟ್ಟೋದು ನಾಳೆ ಬೆಳಿಗ್ಗೆ ಹಾಜರಿ ತಗೊಂಡ ತಕ್ಷಣ.

ಕೊನೇ ಪ್ರಶ್ನೆ, ಮೇಷ್ಟ್ರಿಗೆ. ಪರೀಕ್ಷೆಯಲ್ಲಿ "ಎರಡು ನಾಣ್ಯ ಚಿಮ್ಮಿದಾಗ ಬರುವ ಎಲ್ಲ ಫಲಿತಾಂಶ ಬರೆಯಿರಿ" ಅಂತ ಬಂದಾಗ ಒಬ್ಬ ಹುಡುಗ ಮೂರು ಬಗೆ ಬರೆದು, ಪಕ್ಕದಲ್ಲಿ 1/4, 1/2, 1/4 ಅಂತ ಹಾಕಿದರೆ ಅಂಕ ಕೊಡ್ತೀರಾ?

ಲೆಕ್ಕದಮೇಷ್ಟ್ರು

ಪೂರ್ತಿ ಕೊಡ್ತೀನಿ. ನಾಲ್ಕು ಬಗೆ ಬರೆದು ಮುಂದಿನ ಲೆಕ್ಕದಲ್ಲಿ 1/3 ಅಂತ ಬರೆದವನಿಗೆ ಅರ್ಧ ಕಡಿಮೆ ಮಾಡ್ತೀನಿ. ಆದರೆ ಆ ಪ್ರಶ್ನೆಯನ್ನೇ ಬದಲಾಯಿಸೋದು ಒಳ್ಳೆಯದು ಮೇಡಂ. "ಒಬ್ಬಳು ಮೂರು ಅಂದಳು, ಒಬ್ಬ ನಾಲ್ಕು ಅಂದ. ಎರಡೂ ಹೆಡ್ ಬೀಳುವ ಸಂಭವನೀಯತೆ ಕಂಡುಹಿಡಿಯೋಕೆ ಯಾರ ಪಟ್ಟಿ ಬಳಸ್ತೀರಿ, ಯಾಕೆ?" ಅಂತ ಕೇಳಿ. ಆ "ಯಾಕೆ"ಗೆ ಎರಡು ಸಾಲು ಜಾಗ ಬಿಡಿ.